ಕೀ ಆಫ್ ಇತ್ತು, ಕರೆಂಟ್ ಇತ್ತು!

‘ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದೊಂದು ರಿಪೇರಿ ಮಾಡ್ಕೊಡು ಮಗ.’

ಬಿ.ಇ.ಗೆ ಸೇರಿದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಅಜ್ಜಿಯ ಮಿಕ್ಸಿ, ಪಕ್ಕದ ಮನೆಯ ಟಿ.ವಿ. ರಿಮೋಟ್, ಚಿಕ್ಕಪ್ಪನ ಯುಪಿಎಸ್ ಎಲ್ಲವೂ ನನ್ನ ಮುಂದೆ ಬಂದು ಹೋಗಿವೆ. ‘ಅದು ನಮ್ಮ ಬ್ರಾಂಚ್‌ಗೆ ಬರಲ್ಲ’ ಎಂದು ಪ್ರತಿ ಸಲ ಜಾರಿಕೊಳ್ಳುತ್ತಿದ್ದೆ. ನನ್ನದು ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್ ಬ್ರಾಂಚ್ ಎಂಬುದನ್ನು ಮಾತ್ರ ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ!

ಆದರೆ ಕಳೆದ ರಜೆಯಲ್ಲಿ ಯಾರೂ ಕೇಳದೆ ನಾನೇ ಒಂದು ಕೆಲಸಕ್ಕೆ ಕೈ ಹಾಕಿದೆ. ಅಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹತ್ತು ವರ್ಷ ದಾಟಿದ ಕಾರು. ಅದರ ಜೊತೆಗೇ ಬಂದ ಕಂಪನಿ ಸ್ಟೀರಿಯೊದಲ್ಲಿ ರೇಡಿಯೊ ಮತ್ತು ಸಿ.ಡಿ. ಮಾತ್ರ. ಸಿ.ಡಿ. ಕೆಟ್ಟು ಕಾಲವಾಗಿತ್ತು. ಹತ್ತಿದವರೆಲ್ಲ ‘ಅಂಕಲ್, ಬ್ಲೂಟೂತ್ ಇಲ್ವಾ?’ ಎಂದು ಕೇಳುವುದು, ಅಪ್ಪ ಸುಮ್ಮನೆ ನಗುವುದು ನಡೆದೇ ಇತ್ತು. ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ಕೈಗೆ ಬಂದ ದಿನ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಂದು ಟಚ್‌ಸ್ಕ್ರೀನ್ ಸ್ಟೀರಿಯೊ ಕೊಂಡೆ. ಅಂಗಡಿಯವರು ‘ನಿಮ್ಮ ಕಾರಿನ ಕಪ್ಲರ್ ತಗೊಳ್ಳಿ, 250 ರೂಪಾಯಿ’ ಎಂದರು. ‘ವೈರ್ ತಾನೆ, ನಾನೇ ಜೋಡಿಸ್ತೀನಿ’ ಎಂದು ಬಂದುಬಿಟ್ಟೆ. ಆ 250 ರೂಪಾಯಿ ಉಳಿಸಿದ ಕಥೆಯೇ ಇದು.

ಸ್ಟೀರಿಯೊದ ಅಳತೆಯಲ್ಲಿ ತೊಂದರೆ ಇರಲಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ‘ಡಬಲ್ ಡಿನ್’ ಜಾಗವಿದ್ದರೆ, ಅಂದರೆ ಸುಮಾರು 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಕಿಂಡಿ ಇದ್ದರೆ, ಅದೇ ಅಳತೆಯ ಯಾವ ಕಂಪನಿಯ ಸೆಟ್ ಆದರೂ ಕೂರುತ್ತದೆ. ಡಿನ್ ಎಂಬುದು ಇಂಥ ಅಳತೆಗಳನ್ನು ನಿಗದಿ ಮಾಡುವ ಜರ್ಮನಿಯ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಆದರೆ ಹಿಂದಿನ ಪ್ಲಗ್ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಎರಡನ್ನೂ ವೈರ್ ಕತ್ತರಿಸದೆ ಸೇರಿಸುವುದೇ ಕಪ್ಲರ್‌ನ ಕೆಲಸ.

ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ಸ್ಟೀರಿಯೊ ಸುತ್ತಲಿನ ಪ್ಯಾನೆಲ್ ಕ್ಲಿಪ್‌ಗಳ ಮೇಲೆ ನಿಂತಿರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಮೊದಲ ಗೀರು ಹಾಕಿದೆ. ನಾಲ್ಕು ಸ್ಕ್ರೂ ಬಿಚ್ಚಿ ಹಳೆಯ ಸೆಟ್ ಹೊರಗೆಳೆದೆ. ಒಂದು ಸ್ಕ್ರೂ ಡ್ಯಾಶ್‌ಬೋರ್ಡ್ ಒಳಗೆ ಬಿದ್ದು ಮಾಯವಾಯಿತು. ಹಿಂದೆ ವೈರ್‌ಗಳ ದಪ್ಪ ಕಟ್ಟು. ಕೀ ಆಫ್ ಇದೆ, ಕರೆಂಟ್ ಎಲ್ಲಿಂದ ಬರಬೇಕು? ಕಟಿಂಗ್ ಪ್ಲೇಯರ್ ಹಿಡಿದು ಇಡೀ ಕಟ್ಟನ್ನು ಒಮ್ಮೆಗೇ ಕತ್ತರಿಸಿದೆ.

ಚಟಾರ್! ನೀಲಿ ಕಿಡಿ, ಸುಟ್ಟ ವಾಸನೆ. ಕಾರಿನ ಒಳಗಿನ ದೀಪವೂ ಆರಿತು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಪ್ಲೇಯರ್ ಬಾಯಲ್ಲಿ ಸಣ್ಣ ತೂತು.

ಸ್ಟೀರಿಯೊಗೆ ಎರಡು ದಾರಿಯಲ್ಲಿ 12 ವೋಲ್ಟ್ ಬರುತ್ತದೆ. ಒಂದು ಕೀ ತಿರುಗಿಸಿದಾಗ ಮಾತ್ರ. ಇನ್ನೊಂದು ಬ್ಯಾಟರಿಯಿಂದ ನೇರ, ಹಗಲೂ ರಾತ್ರಿ. ಗಡಿಯಾರ, ನೀವು ಸೇವ್ ಮಾಡಿದ ಸ್ಟೇಷನ್ ನೆನಪಿನಲ್ಲಿ ಉಳಿಯುವುದು ಇದರಿಂದಲೇ. ನಾನು ಆ ವೈರನ್ನೂ ಗ್ರೌಂಡ್ ವೈರನ್ನೂ ಒಂದೇ ಪ್ಲೇಯರ್‌ನಲ್ಲಿ ಸೇರಿಸಿ ಶಾರ್ಟ್ ಮಾಡಿದ್ದೆ.

ಅಪ್ಪನಿಗೆ ಬೆಳಗಿನ ಜಾವ ಮೂರಕ್ಕೆ ಬೆಂಗಳೂರು ಏರ್‌ಪೋರ್ಟ್ ಟ್ರಿಪ್ ಇತ್ತು. ವಾರಕ್ಕೆ ಒಂದೋ ಎರಡೋ ಸಿಗುವ ದೊಡ್ಡ ಬಾಡಿಗೆ. ವೈರ್ ನೇತಾಡುವ, ಏನೇನು ಸುಟ್ಟಿದೆಯೆಂದು ಗೊತ್ತಿಲ್ಲದ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಹೇಗೆ? ಅಪ್ಪ ನನ್ನ ಮುಖ ನೋಡಿದರು. ಬೈಯಲಿಲ್ಲ. ಸ್ಟ್ಯಾಂಡಿನ ಗೆಳೆಯರೊಬ್ಬರಿಗೆ ಫೋನ್ ಮಾಡಿ ಟ್ರಿಪ್ ಬಿಟ್ಟುಕೊಟ್ಟರು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಬೆಳಿಗ್ಗೆ ಅಪ್ಪನೇ ಹತ್ತನೇ ನಂಬರ್ ಸ್ಪ್ಯಾನರ್ ತಂದರು. ‘ಮೊದ್ಲು ಬ್ಯಾಟರಿ ಮೈನಸ್ ಬಿಚ್ಬೇಕು ಅಂತ ನಿಮ್ಮ ಬುಕ್ಕಲ್ಲಿ ಇಲ್ವೇನೋ?’ ಎಂದರು. ಇರಲಿಲ್ಲ. ಕಾರಿನ ಇಡೀ ಬಾಡಿ ಬ್ಯಾಟರಿಯ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್. ಮೊದಲು ಮೈನಸ್ ತೆಗೆದರೆ ಆ ಭಯವಿಲ್ಲ. ಕಾಲೇಜಿನಲ್ಲಿ ಗ್ರೌಂಡ್ ಎಂದರೆ ಮೂರು ಗೆರೆಯ ಚಿಹ್ನೆ. ಇಲ್ಲಿ ಅದು ಇಡೀ ಕಾರು. ಹತ್ತನೇ ಕ್ಲಾಸಿಗೇ ಓದು ಬಿಟ್ಟ ಅಪ್ಪನಿಗೆ ಗೊತ್ತಿದ್ದದ್ದು, ಆರನೇ ಸೆಮಿಸ್ಟರ್ ಮುಗಿಸಿದ ನನಗೆ ಗೊತ್ತಿರಲಿಲ್ಲ.

ಅದೃಷ್ಟಕ್ಕೆ ಹೋಗಿದ್ದು ಫ್ಯೂಸ್ ಮಾತ್ರ. ಅಷ್ಟೇ ಆಂಪಿಯರ್‌ನ, ಅಂದರೆ 15ರ, ಹೊಸ ಫ್ಯೂಸ್ ಹಾಕಿದೆವು. ಒಳಗಿನ ದೀಪ ಮತ್ತೆ ಹೊತ್ತಿತು.

ಹೊಸ ಸೆಟ್‌ನ ವೈರ್‌ಗಳ ಬಣ್ಣ ಸುಲಭ: ಹಳದಿ ಸದಾ ಬ್ಯಾಟರಿ, ಕೆಂಪು ಕೀ, ಕಪ್ಪು ಗ್ರೌಂಡ್. ಕಾರಿನ ವೈರ್‌ಗಳ ಬಣ್ಣ ಬೇರೆಯೇ. ಊಹೆ ಸಾಕು ಎನಿಸಿ ಮಲ್ಟಿಮೀಟರ್ ಹಿಡಿದೆ. ಕತ್ತರಿಸಿದ ತುದಿಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟೆ. ಕೀ ಆಫ್ ಇದ್ದಾಗಲೂ 12 ವೋಲ್ಟ್ ತೋರಿಸಿದ್ದು ನೇರ ವೈರ್. ಅಪ್ಪ ಕೀ ತಿರುಗಿಸಿದಾಗ ಜೀವ ಬಂದದ್ದು ಎರಡನೆಯದು. ಪಾರ್ಕಿಂಗ್ ಲೈಟ್ ಹಾಕಿದಾಗ ಎದ್ದದ್ದು ಬಟನ್ ದೀಪದ್ದು. ಸ್ಪೀಕರ್ ವೈರ್ ಹುಡುಕಲು ಗೋಡೆ ಗಡಿಯಾರದ ಸೆಲ್ ಸಾಕಾಯಿತು. ಜೋಡಿ ವೈರ್‌ಗೆ 1.5 ವೋಲ್ಟ್ ಮುಟ್ಟಿಸಿದರೆ ಅದರ ಸ್ಪೀಕರ್ ‘ಟಪ್’ ಎನ್ನುತ್ತದೆ. ಅಪ್ಪ ಹಿಂದಿನ ಸೀಟಿನಲ್ಲಿ ಕಿವಿಗೊಟ್ಟು ಕೂತು ‘ಎಡಗಡೆದು’, ‘ಬಲಗಡೆದು’ ಎನ್ನುತ್ತಿದ್ದರು.

ಮತ್ತೆ ಮೈನಸ್ ಬಿಚ್ಚಿ, ಒಂದೊಂದೇ ವೈರ್ ಬೆಸುಗೆ ಹಾಕಿ, ಸ್ಲೀವ್ ಮುಚ್ಚಿದೆ. ಲ್ಯಾಬಿನಲ್ಲಿ ಕಲಿತದ್ದು ಕೆಲಸಕ್ಕೆ ಬಂದದ್ದು ಅಲ್ಲೊಂದೇ ಕಡೆ. ಪ್ಯಾನೆಲ್ ಕೂರಿಸಿ ಹೆಮ್ಮೆಯಿಂದ ರೇಡಿಯೊ ಹಾಕಿದರೆ ಬರೀ ‘ಸ್ಸ್...’. ಆ್ಯಂಟೆನಾ ಪ್ಲಗ್ ಚುಚ್ಚುವುದನ್ನೇ ಮರೆತಿದ್ದೆ! ಎಲ್ಲ ಮತ್ತೆ ಬಿಚ್ಚಿದಾಗ ಲಾಭವೊಂದಾಯಿತು. ರಾತ್ರಿ ಕಳೆದುಹೋಗಿದ್ದ ಸ್ಕ್ರೂ ಸಿಕ್ಕಿತು.

ನೀವೂ ಕಾರಿನ ಸ್ಟೀರಿಯೊ ಬಿಚ್ಚುವವರಿದ್ದರೆ ನನ್ನದಿಷ್ಟು ಮಾತು. ಬಿಚ್ಚುವ ಮೊದಲು ಪ್ರತಿ ಪ್ಲಗ್‌ನ ಫೋಟೊ ತೆಗೆಯಿರಿ. ಮೈನಸ್ ಮೊದಲು. ಪ್ಯಾನೆಲ್ ಮುಚ್ಚುವ ಮುನ್ನ ಎಲ್ಲವನ್ನೂ ಹಾಕಿ ನೋಡಿ. ಕಪ್ಲರ್‌ನ ದುಡ್ಡು ಮಾತ್ರ ದಯವಿಟ್ಟು ಉಳಿಸಬೇಡಿ. ಮರುದಿನ ಬಾಡಿಗೆ ಇರುವ ಗಾಡಿಗೆ ರಾತ್ರಿ ಕೈ ಹಾಕಲೇಬೇಡಿ.

ಕೈತಪ್ಪಿದ ಟ್ರಿಪ್ಪಿನ ದುಡ್ಡು ಕೊಡಲು ಹೋದೆ, ಅಪ್ಪ ತೆಗೆದುಕೊಳ್ಳಲಿಲ್ಲ. ಈಗ ಹತ್ತಿದವರು ಬ್ಲೂಟೂತ್‌ನಲ್ಲಿ ಹಾಡು ಹಾಕಿಕೊಳ್ಳುತ್ತಾರೆ. ಒಬ್ಬರೇ ಇದ್ದಾಗ ಅಪ್ಪ ಕೇಳುವುದು ಹಾಸನ ಆಕಾಶವಾಣಿಯನ್ನೇ. ಮೊನ್ನೆ ಸ್ಟ್ಯಾಂಡಿನ ಗೆಳೆಯರೊಬ್ಬರು ತಮ್ಮ ಗಾಡಿಗೂ ಸ್ಟೀರಿಯೊ ಹಾಕಿಸಬೇಕೆಂದರಂತೆ. ಅಪ್ಪ ಹೇಳಿದರಂತೆ: ‘ನಮ್ಮ ಹುಡುಗನೇ ಹಾಕ್ತಾನೆ ಬಿಡಿ. ಮೈನಸ್ ನಾನು ಬಿಚ್ಕೊಡ್ತೀನಿ.’