ರಾತ್ರಿ ಪಾಳಿಗೆ ವಿದ್ಯುತ್ತು ಎಲ್ಲಿಂದ? ಕೈಗಾದ ಮುಂದಿರುವ ಅಣುಶಕ್ತಿಯ ಪ್ರಶ್ನೆ

ಇಂಡಕ್ಷನ್ ಕುಲುಮೆಯಲ್ಲಿ ಕಬ್ಬಿಣ ಕರಗುತ್ತಿರುವಾಗ ವಿದ್ಯುತ್ತು ನಿಂತರೆ ಆಗುವ ನಷ್ಟವೇನೆಂದು ಬೆಳಗಾವಿಯ ಎರಕದ ಕಾರ್ಖಾನೆಗಳ ಮಾಲೀಕರಿಗೆ ವಿವರಿಸಬೇಕಾಗಿಲ್ಲ. ಲೋಹವು ಕುಲುಮೆಯೊಳಗೇ ಹೆಪ್ಪುಗಟ್ಟುತ್ತದೆ, ಲೈನಿಂಗ್ ಕೆಡುತ್ತದೆ, ಅದನ್ನು ಒಡೆದು ತೆಗೆದು ಮತ್ತೆ ಕಟ್ಟುವವರೆಗೆ ಕೆಲಸಗಾರರಿಗೆ ಕೂಲಿ ಕೊಟ್ಟು ಕೂರಿಸಬೇಕಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬದೇ ಹೋದಾಗ ಅಕ್ಟೋಬರ್ ತಿಂಗಳಲ್ಲಿಯೇ ರಾಜ್ಯದಲ್ಲಿ ವಿದ್ಯುತ್ ಅಭಾವ ತಲೆದೋರಿತು. ಸರ್ಕಾರವು ಹೊರರಾಜ್ಯಗಳ ಕಡೆಗೆ ನೋಡಬೇಕಾಯಿತು. ರಾಜ್ಯದಲ್ಲಿ ಸೌರವಿದ್ಯುತ್ತಿಗೆ ಕೊರತೆಯಿರಲಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಕುಲುಮೆಗೆ ಅದರಿಂದ ಪ್ರಯೋಜನವಿಲ್ಲ.

ಹವಾಮಾನ ಬದಲಾವಣೆಯನ್ನು ತಡೆಯಲು ಅಣುವಿದ್ಯುತ್ತು ಬೇಕೇ ಬೇಡವೇ ಎಂಬ ವಾದವನ್ನು ವಾಣಿಜ್ಯೋದ್ಯಮಿಗಳು ಈ ಪ್ರಶ್ನೆಯಿಂದಲೇ ನೋಡುವುದು ಒಳ್ಳೆಯದು. ಈ ವಾದವು ಸಾಮಾನ್ಯವಾಗಿ ಚೆರ್ನೊಬಿಲ್‌ನಿಂದ ಹೊರಟು ಫುಕುಶಿಮಾದಲ್ಲಿ ನಿಲ್ಲುತ್ತದೆ. ಆ ಎರಡು ದುರಂತಗಳನ್ನು ಮರೆಯಲಾಗದು, ಮರೆಯಲೂ ಬಾರದು. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2014ರಲ್ಲಿ ಪ್ರಕಟಿಸಿದ ವರದಿಯಂತೆ, ಗಣಿಯಿಂದ ಹಿಡಿದು ಸ್ಥಾವರವನ್ನು ಕಳಚುವವರೆಗಿನ ಎಲ್ಲವನ್ನೂ ಸೇರಿಸಿದರೂ ಅಣುವಿದ್ಯುತ್ತಿನ ಒಂದು ಯೂನಿಟ್ಟಿಗೆ ಬೀಳುವ ಇಂಗಾಲದ ಹೊರೆ ಸುಮಾರು 12 ಗ್ರಾಂ. ಕಲ್ಲಿದ್ದಲಿನದು 820 ಗ್ರಾಂ. ಗಾಳಿ ವಿದ್ಯುತ್ತು ಅಣುವಿನ ಸರಿಸಮಾನವಾಗಿದೆ. ಸೌರವಿದ್ಯುತ್ತು ಅದಕ್ಕಿಂತ ಹೆಚ್ಚು.

ಜಗತ್ತು ಈ ಅಂಕಿಗಳನ್ನು ಒಂದೇ ಬಗೆಯಲ್ಲಿ ಓದಿಲ್ಲ. ಜರ್ಮನಿಯು 2023ರ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿತು, ಅದೂ ಕಲ್ಲಿದ್ದಲು ಸ್ಥಾವರಗಳು ಇನ್ನೂ ಉರಿಯುತ್ತಿರುವಾಗಲೇ. ಅದೇ ವರ್ಷದ ಡಿಸೆಂಬರಿನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು 2050ರೊಳಗೆ ಅಣುವಿದ್ಯುತ್ ಸಾಮರ್ಥ್ಯವನ್ನು ಮೂರು ಪಟ್ಟು ಮಾಡುವ ಘೋಷಣೆಗೆ ಸಹಿ ಹಾಕಿದವು.

ನಮ್ಮ ಪಾಲಿಗೆ ಈ ವಾದದ ಕಣ ಬಹು ಹತ್ತಿರದಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಒಟ್ಟು 880 ಮೆಗಾವ್ಯಾಟ್. ಇದರ ಒಂದನೆಯ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ವಿಶ್ವದಾಖಲೆಯನ್ನೇ ಸ್ಥಾಪಿಸಿತು. ರಾತ್ರಿ ಪಾಳಿ ನಡೆಸುವವರಿಗೆ ಆ ಅಂಕಿಯ ಬೆಲೆ ತಿಳಿಯುತ್ತದೆ. ನಾಲ್ಕೂ ಘಟಕಗಳು ವರ್ಷಕ್ಕೆ ಶೇಕಡಾ 85ರ ಸಾಮರ್ಥ್ಯದಲ್ಲಿ ನಡೆದರೆ ಬರುವ ವಿದ್ಯುತ್ತು ಸುಮಾರು 655 ಕೋಟಿ ಯೂನಿಟ್. ಅಷ್ಟನ್ನೇ ಕಲ್ಲಿದ್ದಲಿನಿಂದ ಪಡೆದಿದ್ದರೆ ಮೇಲಿನ ದರದಂತೆ 50 ಲಕ್ಷ ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತಿತ್ತು. ಈ ವಿದ್ಯುತ್ತೆಲ್ಲವೂ ಕರ್ನಾಟಕಕ್ಕೆ ಸಲ್ಲುವುದಿಲ್ಲ, ದಕ್ಷಿಣದ ರಾಜ್ಯಗಳು ಹಂಚಿಕೊಳ್ಳುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಾಡು ಮಾತ್ರ ನಮ್ಮದೇ ಕಡಿದದ್ದು.

ಕೈಗಾವನ್ನು ವಿರೋಧಿಸಿದವರನ್ನು ಅಭಿವೃದ್ಧಿಯ ಶತ್ರುಗಳೆಂದು ತಳ್ಳಿಹಾಕುವ ಅಭ್ಯಾಸ ಉದ್ಯಮ ವಲಯದಲ್ಲಿ ಒಂದು ಕಾಲಕ್ಕೆ ಇತ್ತು. ಅದು ನ್ಯಾಯವಲ್ಲ. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಈ ವಿಷಯವನ್ನೇ ಮುಂದಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ, ಆದರೆ ಪ್ರಶ್ನೆಗಳು ಉಳಿದವು. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕಳಚಿ ಬಿತ್ತು. ಇಂಧನ ತುಂಬುವ ಮೊದಲೇ ಬಿದ್ದದ್ದು ಪುಣ್ಯ. ವಿನ್ಯಾಸವನ್ನು ಮರುಪರಿಶೀಲಿಸಿ ಮುಂದುವರಿಯಬೇಕಾಯಿತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಮ್ ಬೆರೆತ ಭಾರಜಲ ಪತ್ತೆಯಾಯಿತು. ಹತ್ತಾರು ಕೆಲಸಗಾರರ ದೇಹದಲ್ಲಿ ಅದರ ಅಂಶ ಕಂಡುಬಂದಿತು. ಒಳಗಿನವರೇ ಯಾರೋ ಬೇಕೆಂದು ಮಾಡಿದ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಕೃತ್ಯ ಯಾರದೇ ಆಗಿರಲಿ, ಯಂತ್ರವೆಷ್ಟು ಭದ್ರವೋ ಆಡಳಿತವೂ ಅಷ್ಟೇ ಭದ್ರವಾಗಿರಬೇಕೆಂಬುದನ್ನು ಸುತ್ತಲಿನ ಊರುಗಳ ಜನ ಅಂದು ಕಂಡುಕೊಂಡರು.

ಬಳಸಿದ ಇಂಧನದ ವಿಚಾರದಲ್ಲಿಯೂ ಕರ್ನಾಟಕಕ್ಕೆ ಅನುಭವವಿದೆ. ಕೂಡಂಕುಳಂ ಸ್ಥಾವರದ ಮೊಕದ್ದಮೆಯ ಸಂದರ್ಭದಲ್ಲಿ, 2012ರಲ್ಲಿ, ಅಣುತ್ಯಾಜ್ಯವನ್ನು ಹೂಳಲು ಕೋಲಾರದ ಮುಚ್ಚಿದ ಚಿನ್ನದ ಗಣಿಗಳ ಹೆಸರು ಸರ್ವೋಚ್ಚ ನ್ಯಾಯಾಲಯದ ಮುಂದೆ ಕೇಳಿಬಂದಿತು. ಗಣಿ ಪ್ರದೇಶದ ಜನ ಬೀದಿಗಿಳಿದರು. ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು. ಜನರನ್ನು ಕೇಳದೆ ಊರಿನ ಹೆಸರು ಬರೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟಾದರೂ, ಅಣುವಿದ್ಯುತ್ತಿನ ಅತಿ ದೊಡ್ಡ ದೌರ್ಬಲ್ಯ ವಿಕಿರಣದ ಭಯವಲ್ಲ, ಕಾಲಹರಣ. ಕೈಗಾದ ಮೊದಲೆರಡು ಘಟಕಗಳ ಕಾಮಗಾರಿ 1989ರಲ್ಲಿ ಆರಂಭವಾಗಿ ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದಲ್ಲಿ. ಮೂರನೆಯ ಘಟಕ ಐದೇ ವರ್ಷಗಳಲ್ಲಿ, 2007ರಲ್ಲಿ, ಸಿದ್ಧವಾಯಿತು. ಮಾಡಬೇಕೆಂದರೆ ಮಾಡಬಹುದೆಂಬುದಕ್ಕೆ ಅದೇ ಸಾಕ್ಷಿ. ಆದರೆ ಅದರ ಜೊತೆಯಲ್ಲಿಯೇ ಕಾಮಗಾರಿ ಆರಂಭವಾದ ನಾಲ್ಕನೆಯದು ಯುರೇನಿಯಂ ಕೊರತೆಯಿಂದಾಗಿ 2011ರವರೆಗೆ ಕಾಯಬೇಕಾಯಿತು. ಈಗ ಅಲ್ಲಿ ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೆಯ ಘಟಕಗಳು ಬರಲಿವೆ. ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2017ರಲ್ಲಿ. ಇದೇ ಮಾದರಿಯ ಮೊದಲ ಘಟಕವಾದ ಗುಜರಾತಿನ ಕಾಕ್ರಾಪಾರದ ಮೂರನೆಯ ರಿಯಾಕ್ಟರಿನ ಕಾಮಗಾರಿ 2010ರಲ್ಲಿ ಆರಂಭವಾಗಿ, ವಾಣಿಜ್ಯ ಉತ್ಪಾದನೆ 2023ರಲ್ಲಿ ಶುರುವಾಯಿತು. ಹೊರದೇಶಗಳಲ್ಲಿಯೂ ಕಥೆ ಬೇರೆಯಲ್ಲ. ಅಣುವಿದ್ಯುತ್ತಿನಲ್ಲಿ ಪಳಗಿದ ಫ್ರಾನ್ಸ್ ಕೂಡ 2007ರಲ್ಲಿ ಆರಂಭಿಸಿದ ಫ್ಲಮಾನ್‌ವಿಲ್ ಘಟಕವನ್ನು ಜಾಲಕ್ಕೆ ಜೋಡಿಸಲು 2024ರ ಡಿಸೆಂಬರ್ ಬೇಕಾಯಿತು. ಹದಿನೇಳು ವರ್ಷಗಳ ಬಡ್ಡಿಯನ್ನು ತಾಳಿಕೊಳ್ಳಬಲ್ಲ ವ್ಯಾಪಾರ ಯಾವುದಿದೆ ಎಂಬುದನ್ನು ಓದುಗರೇ ಯೋಚಿಸಬಹುದು.

ಇದರ ಎದುರಿಗೆ ತುಮಕೂರು ಜಿಲ್ಲೆಯ ಪಾವಗಡವನ್ನು ಇಟ್ಟು ನೋಡಬೇಕು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉತ್ಪಾದನೆ ಆರಂಭಿಸಿದ ಸೌರ ಉದ್ಯಾನವು 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ಕೈಗಾದ ಎರಡು ಪಟ್ಟಿಗಿಂತ ಹೆಚ್ಚಿನ ಸಾಮರ್ಥ್ಯ, ಕೆಲವೇ ವರ್ಷಗಳಲ್ಲಿ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರ ಫಲಕಗಳು ವರ್ಷವಿಡೀ ಸರಾಸರಿ ಶೇಕಡಾ 22ರಷ್ಟು ಕೊಟ್ಟರೆ ಪಾವಗಡದ ಫಸಲು ವರ್ಷಕ್ಕೆ ಸುಮಾರು 395 ಕೋಟಿ ಯೂನಿಟ್. ಕೈಗಾದ ಲೆಕ್ಕಕ್ಕಿಂತ ಬಹಳ ಕಡಿಮೆ, ಅದೂ ಹಗಲು ಹೊತ್ತಿನಲ್ಲಿ ಮಾತ್ರ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕಾದರೆ ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಿನ ಜಲಾಶಯಕ್ಕೆ ಪಂಪು ಮಾಡಿ ಮತ್ತೆ ಇಳಿಸುವ ವ್ಯವಸ್ಥೆ ಬೇಕು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಇಂಥ ಯೋಜನೆಗೂ ಸಿಂಗಳೀಕಗಳ ಕಾಡನ್ನು ಉಳಿಸಬೇಕೆನ್ನುವವರ ವಿರೋಧವಿದೆ. ಹೀಗೆ, ಅಣುವಾದರೂ ಸರಿ, ಪಂಪು ಮಾಡಿದ ನೀರಾದರೂ ಸರಿ, ನಮ್ಮ ರಾತ್ರಿಯ ವಿದ್ಯುತ್ತು ಪಶ್ಚಿಮ ಘಟ್ಟವನ್ನೇ ಕೇಳುತ್ತಿದೆ. ಬ್ಯಾಟರಿಯ ಬೆಲೆ ಇಳಿದಂತೆಲ್ಲ ಈ ಒತ್ತಡ ತಗ್ಗಬಹುದು.

ಆದ್ದರಿಂದ ನಡೆಯುತ್ತಿರುವ ಕೈಗಾವನ್ನು ಮುಚ್ಚಬೇಕೆಂಬ ವಾದಕ್ಕೆ ಹವಾಮಾನದ ದೃಷ್ಟಿಯಿಂದ ಆಧಾರವಿಲ್ಲ. ಹೊಸ ಘಟಕಗಳು ಬರುತ್ತವೆಂದು ನಂಬಿ ಇಂದಿನ ಉದ್ಯಮಿ ಕೈಕಟ್ಟಿ ಕೂರುವುದಕ್ಕೂ ಆಧಾರವಿಲ್ಲ. ಕೇಂದ್ರ ಸರ್ಕಾರವು 2025ರ ಆಯವ್ಯಯದಲ್ಲಿ 2047ರ ಹೊತ್ತಿಗೆ ಒಂದು ಲಕ್ಷ ಮೆಗಾವ್ಯಾಟಿನ ಗುರಿ ಇಟ್ಟಿತು. ಆ ವರ್ಷ ದೇಶದ ಅಣುವಿದ್ಯುತ್ ಸಾಮರ್ಥ್ಯ ಒಂಬತ್ತು ಸಾವಿರಕ್ಕೆ ಸ್ವಲ್ಪ ಕಡಿಮೆಯಿತ್ತು. ಒಟ್ಟು ವಿದ್ಯುತ್ತಿನಲ್ಲಿ ಅದರ ಪಾಲು ನೂರಕ್ಕೆ ಮೂರರ ಆಸುಪಾಸು. ಗುರಿ ದೊಡ್ಡದು, ನಡಿಗೆ ಇದುವರೆಗೆ ನಿಧಾನದ್ದು.

ಸಣ್ಣ ತಯಾರಕರು ಈ ಕ್ಷೇತ್ರದಲ್ಲಿ ಗ್ರಾಹಕರಷ್ಟೇ ಅಲ್ಲ, ಪೂರೈಕೆದಾರರೂ ಆಗಬಹುದು. ವಾಲ್ವು, ಪಂಪು, ಫೋರ್ಜಿಂಗ್, ಕೇಬಲ್ ಟ್ರೇಗಳಿಗೆ ಇಲ್ಲಿ ಬೇಡಿಕೆಯಿದೆ. ಆದರೆ 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯಿದೆಯ 17ನೆಯ ಕಲಮು, ಉಪಕರಣದ ದೋಷದಿಂದ ಅವಘಡವಾದರೆ ಸ್ಥಾವರ ನಡೆಸುವವರು ಪೂರೈಕೆದಾರರಿಂದ ಹಣ ವಸೂಲಿ ಮಾಡಲು ದಾರಿ ತೆರೆದಿತ್ತು. ದೊಡ್ಡ ವಿದೇಶಿ ಕಂಪನಿಗಳೇ ಅದಕ್ಕೆ ಅಂಜಿ ಹಿಂದೆಗೆದವು. ಹತ್ತು ಜನರ ವರ್ಕ್‌ಶಾಪು ನಡೆಸುವವರ ಅಂಜಿಕೆ ಯಾವ ವರದಿಯಲ್ಲಿಯೂ ದಾಖಲಾಗಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯನ್ನೂ 1962ರ ಅಣುಶಕ್ತಿ ಕಾಯಿದೆಯನ್ನೂ ರದ್ದುಪಡಿಸಿ ಹೊಸ ಶಾಸನವನ್ನು ಅಂಗೀಕರಿಸಿತು. ಖಾಸಗಿಯವರಿಗೆ ಬಾಗಿಲು ತೆರೆಯಿತು; ಪೂರೈಕೆದಾರರ ಮೇಲಿನ ಆ ಹೊಣೆಯೂ ಸಡಿಲಗೊಂಡಿತು. ಪೂರೈಕೆದಾರರಿಗೆ ಇದು ನೆಮ್ಮದಿ. ಆದರೆ ಕೆಟ್ಟ ಬಿಡಿಭಾಗಕ್ಕೆ ಹೊಣೆಯಾರೆಂದು ಕಾಳಿ ದಂಡೆಯ ಮೀನುಗಾರ ಕೇಳಿದರೆ ಉತ್ತರ ಈಗ ಇನ್ನಷ್ಟು ದೂರ ಸರಿದಿದೆ ಎಂಬುದನ್ನೂ ಒಪ್ಪಬೇಕು. ಹೊಣೆ ಕಾಯಿದೆಯಿಂದ ಹೋದರೂ ಒಪ್ಪಂದದ ಮೂಲಕ ಮರಳಿ ಬರಬಹುದು. ಉಪಗುತ್ತಿಗೆಗೆ ಸಹಿ ಮಾಡುವ ಮೊದಲು ನಷ್ಟಭರ್ತಿಯ ಷರತ್ತನ್ನು ವಕೀಲರಿಗೆ ತೋರಿಸುವುದು ಕ್ಷೇಮ.

ರಫ್ತು ಮಾಡುವವರಿಗೆ ಇನ್ನೊಂದು ಲೆಕ್ಕ ಕಾದಿದೆ. ಐರೋಪ್ಯ ಒಕ್ಕೂಟವು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದ ಸರಕುಗಳ ಮೇಲೆ 2026ರ ಜನವರಿಯಿಂದ ಗಡಿ ಇಂಗಾಲ ಶುಲ್ಕವನ್ನು ಜಾರಿಗೊಳಿಸಿದೆ. ಸದ್ಯಕ್ಕೆ ಉಕ್ಕು, ಅಲ್ಯೂಮಿನಿಯಂಗಳಲ್ಲಿ ಕಾರ್ಖಾನೆಯ ಒಳಗೇ ಹೊಮ್ಮುವ ಇಂಗಾಲಕ್ಕೆ ಮಾತ್ರ ಶುಲ್ಕ. ಸಿಮೆಂಟಿನಲ್ಲಿ ಕೊಂಡ ವಿದ್ಯುತ್ತಿನ ಇಂಗಾಲವೂ ಲೆಕ್ಕಕ್ಕೆ ಸೇರುತ್ತದೆ. ಮುಂದೊಂದು ದಿನ ಉಕ್ಕಿಗೂ ಅದೇ ನಿಯಮ ಬಂದರೆ, ಕುಲುಮೆಗೆ ಬರುವ ತಂತಿಯಲ್ಲಿ ರಾಯಚೂರಿನ ಕಲ್ಲಿದ್ದಲಿನ ಪಾಲೆಷ್ಟು, ಪಾವಗಡದ್ದೆಷ್ಟು, ಕೈಗಾದ್ದೆಷ್ಟು ಎಂಬುದನ್ನು ಯುರೋಪಿನ ಖರೀದಿದಾರ ಕೇಳುತ್ತಾನೆ. ಬೆಳಗಾವಿಯ ಕಾರ್ಖಾನೆ ಆ ನಮೂನೆಯನ್ನು ತುಂಬಬೇಕಾಗಿ ಬಂದಾಗ ಕೈಗಾದ ಐದನೆಯ ಘಟಕ ಇನ್ನೂ ಕಾಂಕ್ರೀಟಿನ ಹಂತದಲ್ಲಿಯೇ ಇರುವ ಸಂಭವ ಹೆಚ್ಚು.