ನಾಯಿ ಜಗ್ಗಿದರೆ ಗಾಲಿಕುರ್ಚಿ ಎತ್ತ ತಿರುಗುತ್ತದೆ?

"ಮಗಳು ಗಾಲಿಕುರ್ಚಿ ಬಳಸುತ್ತಾಳೆ. ಮನೆಯಲ್ಲಿ ಮುಧೋಳ ನಾಯಿ ಇದೆ. ಅದರ ಬೆಲ್ಟನ್ನು ಕುರ್ಚಿಗೇ ಕಟ್ಟಿಕೊಂಡು ಅವಳೊಬ್ಬಳೇ ವಾಕಿಂಗ್ ಹೋಗಬಹುದೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಕುರ್ಚಿಯ ಹಿಂದಿನ ಹಿಡಿಕೆಗೆ ಗಂಟು ಹಾಕಿ ಮಾತ್ರ ಹೊರಡಬೇಡಿ. ಸರಿಯಾದ ಜಾಗಕ್ಕೆ, ಸರಿಯಾದ ಕೊಂಡಿಯಿಂದ ಕಟ್ಟಿದರೆ ಹೋಗಬಹುದು. ಆ ಜಾಗ ಯಾವುದು, ಕೊಂಡಿ ಹೇಗಿರಬೇಕು ಎನ್ನುವುದಕ್ಕೆ ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಲೆಕ್ಕವೇ ಸಾಕು.

ಕೈಯಲ್ಲೇ ಹಿಡಿದುಕೊಂಡರಾಗದೇ ಎಂದರೆ, ಕೈ ಬಿಡುವಿರುವುದಿಲ್ಲ. ಕೈಯಿಂದ ತಳ್ಳುವ ಕುರ್ಚಿಯಲ್ಲಿ ಎರಡೂ ಕೈ ಗಾಲಿಯ ಬಳೆಯ ಮೇಲಿರಬೇಕು. ಒಂದು ಕೈ ತೆಗೆದರೆ ಕುರ್ಚಿ ಪಕ್ಕಕ್ಕೆ ತಿರುಗುತ್ತದೆ. ಬ್ಯಾಟರಿ ಕುರ್ಚಿಯಲ್ಲಿ ಇನ್ನೊಂದು ಅಪಾಯವಿದೆ: ಲೀಶ್ (ನಾಯಿಯ ಬೆಲ್ಟ್) ಸುತ್ತಿಕೊಂಡ ಕೈ ಜಾಯ್‌ಸ್ಟಿಕ್ ಮೇಲಿದ್ದರೆ, ನಾಯಿಯ ಒಂದು ಜಗ್ಗು ಮೋಟರಿಗೆ ಕೊಟ್ಟ ಆಜ್ಞೆಯಾಗಿಬಿಡುತ್ತದೆ.

ಕುರ್ಚಿಗೆ ಕಟ್ಟುವ ವಿಚಾರವನ್ನು ಎತ್ತಿನ ಗಾಡಿ ಹೊಡೆದವರು ಬೇಗ ಹಿಡಿಯುತ್ತಾರೆ. ಗಾಡಿಗೆ ಹೇರುವಾಗ ಭಾರ ಅಚ್ಚಿನ ಹಿಂದಕ್ಕೆ ಹೋದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಸೋಲುತ್ತದೆ. ಹಾಗಾಗಿ ತುಸುವೇ ಮುಂಭಾರ ಇಟ್ಟು ಹೇರುತ್ತಾರೆ. ಗಾಲಿಕುರ್ಚಿಯೂ ಹೀಗೆಯೇ. ಕುಳಿತವರ ಭಾರದ ಕೇಂದ್ರ ದೊಡ್ಡ ಗಾಲಿಗಳ ಅಚ್ಚಿಗಿಂತ ಸ್ವಲ್ಪ ಮುಂದಿರುತ್ತದೆ. ಚುರುಕಾಗಿ ಓಡಾಡುವವರು ಅಚ್ಚನ್ನು ಇನ್ನಷ್ಟು ಮುಂದಕ್ಕೆ ತರಿಸಿಕೊಳ್ಳುತ್ತಾರೆ. ಆಗ ಕುರ್ಚಿ ಹಗುರವಾಗಿ ತಿರುಗುತ್ತದೆ, ಆದರೆ ಹಿಂದಕ್ಕೆ ಬೀಳುವುದೂ ಸುಲಭವಾಗುತ್ತದೆ.

ಲೆಕ್ಕ ಹಾಕೋಣ. 70 ಕೆಜಿ ವ್ಯಕ್ತಿ, 12 ಕೆಜಿ ಕುರ್ಚಿ, ಒಟ್ಟು 82 ಕೆಜಿ. ಭಾರದ ಕೇಂದ್ರ ಅಚ್ಚಿಗಿಂತ 10 ಸೆಂ.ಮೀ. ಮುಂದಿದೆ. ಬ್ರೇಕ್ ಹಾಕಿ ನಿಂತಿದ್ದಾರೆ. ನೆಲದಿಂದ 90 ಸೆಂ.ಮೀ. ಎತ್ತರದ ಹಿಡಿಕೆಗೆ ಕಟ್ಟಿದ ನಾಯಿ ಹಿಂದಕ್ಕೆ ಎಳೆದರೆ, ಮುಂದಿನ ಪುಟ್ಟ ಗಾಲಿಗಳು ನೆಲ ಬಿಡಲು 9 ಕೆಜಿ ಭಾರದಷ್ಟು ಎಳೆತ ಸಾಕು. ಅದೇ ಲೀಶನ್ನು ಅಚ್ಚಿನ ಎತ್ತರಕ್ಕೆ, ಅಂದರೆ 30 ಸೆಂ.ಮೀ.ಗೆ ಇಳಿಸಿದರೆ 27 ಕೆಜಿ ಬೇಕಾಗುತ್ತದೆ. ಬಿಡಿಗಾಸಿನ ಖರ್ಚಿಲ್ಲದೆ ಸುರಕ್ಷತೆ ಮೂರು ಪಟ್ಟಾಯಿತು.

ಇನ್ನು ತಿರುಗುವ ಮಾತು. ಜೋಡಿಯಲ್ಲಿ ಒಂದು ಎತ್ತು ಜಗ್ಗಿ ಇನ್ನೊಂದು ನಿಂತರೆ, ಗಾಡಿ ನಿಂತ ಎತ್ತಿನ ಕಡೆಗೆ ಹೊರಳುತ್ತದೆ. ಕುರ್ಚಿಯ ಬಲಮಗ್ಗುಲಿಗೆ ಕಟ್ಟಿದ ನಾಯಿ ಮುಂದಕ್ಕೆ ಎಳೆದರೂ ಅಷ್ಟೇ, ಕುರ್ಚಿ ಎಡಕ್ಕೆ ತಿರುಗುತ್ತದೆ. ಪಾದದ ಪಟ್ಟಿಗೆ ಕಟ್ಟಿದ ನಾಯಿ ಬಲಕ್ಕೆ ನುಗ್ಗಿದರೆ ಕುರ್ಚಿ ಬಲಕ್ಕೆ ತಿರುಗುತ್ತದೆ. ಅಚ್ಚಿನಿಂದ ಅಷ್ಟು ದೂರದ ಎಳೆತಕ್ಕೆ ಸನ್ನೆಯ ಬಲ ಹೆಚ್ಚು. ಮುಂದಿನ ಪುಟ್ಟ ಗಾಲಿಗಳು ಎತ್ತ ಬೇಕಾದರೂ ತಿರುಗುವಂಥವು, ತಡೆಯುವುದಿಲ್ಲ. ಹಾಗಾದರೆ ಆಸನದ ಕೆಳಗೆ, ಅಚ್ಚಿನ ಹತ್ತಿರ, ನಟ್ಟನಡುವೆ ಕಟ್ಟುವುದೇ ಉತ್ತಮ. ಆದರೆ ಅಲ್ಲಿಂದ ಹೊರಟ ಲೀಶ್ ಸಡಿಲವಾದ ಕೂಡಲೇ ಗಾಲಿಯ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ವಿನ್ಯಾಸದ ಜಾಣತನ ಬೇಕಾಗುವುದು ಇಲ್ಲೇ. ಲೀಶಿನ ಬುಡ ಅಚ್ಚಿನ ಬಳಿಯ ಚೌಕಟ್ಟಿಗೇ ಬಿಗಿದಿರಲಿ. ಅಲ್ಲಿಂದ ಗಾಲಿಯ ಆಚೆಗೆ ಚಾಚಿದ, ಬಾಗಬಲ್ಲ ಒಂದು ಫೈಬರ್ ಕಡ್ಡಿ ಲೀಶನ್ನು ಎತ್ತಿ ಹಿಡಿಯಲಿ. ನಾಯಿ ನೆಟ್ಟಗೆ ನಡೆಯುವಾಗ ಕಡ್ಡಿ ಲೀಶನ್ನು ಗಾಲಿಯಿಂದ ದೂರವಿಡುತ್ತದೆ. ನಾಯಿ ಜೋರಾಗಿ ಜಗ್ಗಿದಾಗ ಕಡ್ಡಿ ಬಾಗಿ, ಎಳೆತ ನೇರವಾಗಿ ಬುಡಕ್ಕೇ ಹೋಗುತ್ತದೆ. ಗಟ್ಟಿ ಕಬ್ಬಿಣದ ತೋಳು ಹಾಕಿದರೆ ಆ ಎಳೆತವೆಲ್ಲ ತೋಳಿನ ತುದಿಯಲ್ಲಿ ಬಿದ್ದು ಕುರ್ಚಿಯನ್ನು ತಿರುಗಿಸುತ್ತದೆ. "ಯಾವ ಕುರ್ಚಿಗಾದರೂ ಸರಿ, ಉಕ್ಕಿನಷ್ಟು ಗಟ್ಟಿ" ಎಂಬ ಜಾಹೀರಾತುಗಳನ್ನು ನಾನು ನಂಬದಿರುವುದು ಇದಕ್ಕೇ.

ಸ್ಪ್ರಿಂಗ್ ಅಥವಾ ಎಲಾಸ್ಟಿಕ್ ಲೀಶ್ ಬಗೆಗೂ ಅತಿಯಾದ ಭರವಸೆ ಕೊಡುತ್ತಾರೆ. ಮುಧೋಳದಂಥ ಬೇಟೆನಾಯಿ ಬೆಕ್ಕು ಕಂಡರೆ ಕ್ಷಣದಲ್ಲಿ ಹಾರುತ್ತದೆ. 25 ಕೆಜಿಯ ನಾಯಿ ಸೆಕೆಂಡಿಗೆ 4 ಮೀಟರ್ ವೇಗ ಪಡೆದು, ಲೀಶ್ ಬಿಗಿದು 0.1 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಎಳೆತ 1000 ನ್ಯೂಟನ್, ಸುಮಾರು 100 ಕೆಜಿ ಭಾರದಷ್ಟು. ಎಲಾಸ್ಟಿಕ್ ಅದನ್ನು 0.5 ಸೆಕೆಂಡಿಗೆ ಹಿಗ್ಗಿಸಿದರೆ 20 ಕೆಜಿಗೆ ಇಳಿಯುತ್ತದೆ. ಇದು ದೊಡ್ಡ ಲಾಭವೇ. ಆದರೆ ನಾಯಿಯ ಸಂವೇಗ ಎಲ್ಲೂ ಮಾಯವಾಗುವುದಿಲ್ಲ. ಬ್ರೇಕ್ ಹಾಕದ ಕುರ್ಚಿ ನಾಯಿಯ ಹಿಂದೆ ಗಂಟೆಗೆ 3 ಕಿ.ಮೀ. ಮೀರಿದ ವೇಗದಲ್ಲಿ ಹೊರಟುಬಿಡಬಹುದು. ಲೀಶ್ ಗಿಡ್ಡವಾಗಿದ್ದರೆ ನಾಯಿಗೆ ಆ ವೇಗ ಕೂಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಬ್ಯಾಟರಿ ಕುರ್ಚಿಯಲ್ಲಿ ಅಪಾಯ ನಾಯಿಗೇ ಹೆಚ್ಚು. ಅದು ನಿಂತರೂ ಭಾರದ ಕುರ್ಚಿ ನಿಲ್ಲದೆ ಎಳೆದೊಯ್ಯುತ್ತದೆ. ಆದ್ದರಿಂದ ಕೊರಳಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ.

ಎಲ್ಲಕ್ಕಿಂತ ಮುಖ್ಯ, ಬಿಚ್ಚುವ ಕೊಂಡಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೊಂಡಿ ಎಳೆತದಲ್ಲಿದ್ದಾಗ ತೆರೆಯುವುದೇ ಇಲ್ಲ. ಬಿಚ್ಚಬೇಕಾಗಿ ಬರುವುದು ಮಾತ್ರ ಆಗಲೇ. ಕುದುರೆ ಕಟ್ಟುವ ಪ್ಯಾನಿಕ್ ಸ್ನ್ಯಾಪ್, ಹಾಯಿದೋಣಿಯ ಸ್ನ್ಯಾಪ್ ಶ್ಯಾಕಲ್ ಭಾರದಲ್ಲೂ ಬಿಚ್ಚಿಕೊಳ್ಳುತ್ತವೆ. ಜೊತೆಗೆ ಬಳಸುವವರ ಕೈಯನ್ನೂ ನೋಡಬೇಕು. ಕುತ್ತಿಗೆಯ ಸಿ6 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಬೆರಳು ಮಡಚಲು ಬಲವಿರುವುದಿಲ್ಲ. ತೋಳು ಮಡಚುವ ಸ್ನಾಯು ಕೆಲಸ ಮಾಡುತ್ತದೆ, ಚಾಚುವ ಸ್ನಾಯು ಮಾಡುವುದಿಲ್ಲ. ಅಂಥವರಿಗೆ ಗುಂಡಿ ಒತ್ತುವ ಕೊಂಡಿ ನಿಷ್ಪ್ರಯೋಜಕ. ಮುಷ್ಟಿ ಅಥವಾ ಮಣಿಕಟ್ಟು ತೂರುವಷ್ಟು ದೊಡ್ಡ ಕುಣಿಕೆ ಇರಬೇಕು, ಅದನ್ನು ತಮ್ಮತ್ತ ಎಳೆದರೆ ಬಿಚ್ಚಿಕೊಳ್ಳಬೇಕು.

ಮಾಡಿದ್ದನ್ನು ಮೊದಲು ನಾಯಿಯಿಲ್ಲದೆ ಪರೀಕ್ಷಿಸಿ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಲೀಶಿಗೆ ಸಿಕ್ಕಿಸಿ, ಇಬ್ಬರು ಕುರ್ಚಿಯ ಆಚೀಚೆ ಕಾವಲಿದ್ದು, ಮುಂದೆ, ಪಕ್ಕ, ಹಿಂದೆ ಮೆಲ್ಲಗೆ ಎಳೆಯಿರಿ. ಯಾವ ಅಂಕಿಗೆ ಗಾಲಿ ನೆಲ ಬಿಡುತ್ತದೆ, ಯಾವ ಅಂಕಿಗೆ ಕುರ್ಚಿ ತಿರುಗುತ್ತದೆ ಎಂದು ಬರೆದುಕೊಳ್ಳಿ. 20 ಕೆಜಿ ಎಳೆತದಲ್ಲಿ ಕುಳಿತವರೇ ಕೊಂಡಿ ಬಿಚ್ಚಬೇಕು. ಆಗದಿದ್ದರೆ ಆ ವಿನ್ಯಾಸ ಕೈಬಿಡಿ.

ಗಾಲಿಕುರ್ಚಿಯ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಇಟ್ಟವರಲ್ಲಿ ಹಲವರು ಅದರಲ್ಲಿ ಕುಳಿತವರೇ. ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ 1918ರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡರು. ಕಾರಿನಲ್ಲಿ ಹಿಡಿಸುವ ಕುರ್ಚಿ ಬೇಕೆಂದು 1930ರ ದಶಕದಲ್ಲಿ ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಮಡಚುವ ಕುರ್ಚಿ ರೂಪಿಸಿದರು. 1978ರಲ್ಲಿ ಹ್ಯಾಂಗ್ ಗ್ಲೈಡರ್‌ನಿಂದ ಬಿದ್ದ ಮರಿಲಿನ್ ಹ್ಯಾಮಿಲ್ಟನ್ ಭಾರದ ಕುರ್ಚಿಗೆ ಬೇಸತ್ತು, ಗೆಳೆಯರೊಡನೆ ಗ್ಲೈಡರ್‌ನ ಅಲ್ಯೂಮಿನಿಯಂ ಕೊಳವೆಯಿಂದ 12 ಕೆಜಿಯಷ್ಟರ ಕುರ್ಚಿ ಕಟ್ಟಿದರು. ನಾಯಿಗಳ ಕಡೆ ನೋಡಿದರೆ, ಕ್ಯಾಲಿಫೋರ್ನಿಯಾದಲ್ಲಿ ಬೋನಿಟಾ ಬರ್ಗಿನ್ 1975ರಲ್ಲಿ ಸ್ಥಾಪಿಸಿದ ಕೆನೈನ್ ಕಂಪ್ಯಾನಿಯನ್ಸ್ ಸಂಸ್ಥೆ ಅಂಗವಿಕಲರ ನೆರವಿಗೆ ನಾಯಿಗಳನ್ನು ತರಬೇತುಗೊಳಿಸಿ ಕೊಡತೊಡಗಿತು. ಹಗುರ ಕುರ್ಚಿ, ನೆರವಿನ ನಾಯಿ ಎರಡೂ ಸೇರಿದಾಗ ಈ ಕೊಂಡಿಯ ಅಗತ್ಯ ಹೆಚ್ಚಿತು. ಕುರ್ಚಿ ಹಗುರವಾದಷ್ಟೂ ನಾಯಿಯ ಜಗ್ಗಾಟಕ್ಕೆ ಅದು ಹೆಚ್ಚು ಮಣಿಯುತ್ತದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದವರು ಇದನ್ನು ಪ್ರಾಜೆಕ್ಟಾಗಿ ಎತ್ತಿಕೊಳ್ಳಬೇಕು. ಬೇಕಾಗುವ ಸಾಮಾನು ಅಗ್ಗ, ಲೆಕ್ಕ ಸರಳ. ಒಂದೇ ಷರತ್ತು: ಮೊದಲ ನಕ್ಷೆ ಬರೆಯುವ ದಿನದಿಂದಲೇ ಕುರ್ಚಿ ಬಳಸುವವರು ತಂಡದಲ್ಲಿರಬೇಕು, ಬೇಡ ಎನ್ನುವ ಅಧಿಕಾರ ಅವರಿಗಿರಬೇಕು.