ಹುಚ್ಚಿನ ವೇಷದಲ್ಲಿ ಬರುವ ಸಿಫಿಲಿಸ್

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯುರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ಬಹಳವಿದ್ದರು. ಹೆಚ್ಚಿನವರು ನಡುವಯಸ್ಸಿನವರು, ಕೈಯಲ್ಲಿ ಕಾಸಿಲ್ಲದಿದ್ದರೂ ತಾವು ಕೋಟ್ಯಧೀಶರೆಂದು ನಂಬಿದವರೂ ಅವರಲ್ಲಿದ್ದರು. ಬಳಿಕ ಮರೆವು, ತೊದಲು ಮಾತು, ಕೆಲವೇ ವರ್ಷಗಳಲ್ಲಿ ಸಾವು.

1913ರಲ್ಲಿ ವಿಜ್ಞಾನಿಗಳಾದ ಹಿಡೆಯೊ ನೊಗುಚಿ ಮತ್ತು ಮೂರ್ ಇಂಥವರ ಮಿದುಳಿನಲ್ಲೇ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ರೋಗಾಣುವನ್ನು ಕಂಡರು. ಹುಚ್ಚೆಂದುಕೊಂಡದ್ದು ಸೋಂಕಾಗಿತ್ತು!

ವಿಯೆನ್ನಾದ ವೈದ್ಯ ವಾಗ್ನರ್-ಯೌರೆಗ್ 1917ರಲ್ಲಿ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಬರಿಸಿ, ಜ್ವರದ ಕಾವಿನಿಂದ ಚಿಕಿತ್ಸೆಗಿಳಿದರು. ಕೆಲವರು ಅದರಿಂದಲೇ ಸತ್ತರು. ಆದರೂ 1927ರ ನೊಬೆಲ್ ಅವರಿಗೆ ಸಂದಿತು. ಪೆನಿಸಿಲಿನ್ ಬಂದಮೇಲೆ ಆ ಸಾಹಸ ಬೇಕಾಗಲಿಲ್ಲ.

ರೋಗ ಇಂದಿಗೂ ಇದೆ. ಸೋಂಕು ತಗುಲಿ ಹತ್ತಿಪ್ಪತ್ತು ವರ್ಷಗಳ ಮೇಲೂ ಖಿನ್ನತೆ, ಭ್ರಮೆಗಳಾಗಿ ತಲೆಯೆತ್ತಬಹುದು. ರಕ್ತ ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆಗಳಿಂದ ಪತ್ತೆಯಾಗುತ್ತದೆ. ತಡವಾದರೆ ಹಾನಿ ಪೂರ್ತಿ ಸರಿಹೋಗದು. ನಡುವಯಸ್ಸಿನಲ್ಲಿ ಸ್ವಭಾವವೇ ಬದಲಾದವರನ್ನು ದೆವ್ವ ಬಿಡಿಸಲು ಅಲೆಸಬೇಡಿ. ನಾಚಿಕೆ ಬದಿಗಿಟ್ಟು, ಸಿಫಿಲಿಸ್ ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ.